ಟೈಪಿಂಗ್ ಕೋಣೆಯ ಹತ್ತು ಸೀಟಿಗೆ ವೈರ್‌ಲೆಸ್: ಕಲಬುರಗಿಯಿಂದ ಕೆಲಸದ ಟಿಪ್ಪಣಿ

ಮೊದಲ ದಿನ: ಕೋಣೆ, ಅಳತೆ

ಸೂಪರ್ ಮಾರ್ಕೆಟ್ ಕಡೆಯ ಮೊದಲ ಮಹಡಿ. 10 ಡೆಸ್ಕ್‌ಟಾಪ್, ಎದುರುಬದುರು ಎರಡು ಸಾಲು. ಮೇಜಿನ ಚೌಕಟ್ಟು ಕಬ್ಬಿಣದ್ದು, ಮೇಲೆ ಹಾಸಿರುವುದು ಶಹಾಬಾದಿ ಫರಸಿ, ಸಿಪಿಯು ಡಬ್ಬಿಗಳು ಕೆಳಗೆ. ಬೆಳಿಗ್ಗೆ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿಕೆ, ಸಂಜೆ ಅದೇ ಸೀಟುಗಳಲ್ಲಿ ಆನ್‌ಲೈನ್ ಅರ್ಜಿ ತುಂಬುವ ಕೆಲಸ. ಕಾಲಿಗೆ ಸಿಕ್ಕಿ ಎಳೆದಾಡುವ ವೈರುಗಳಿಂದ ಯುಎಸ್‌ಬಿ ಪೋರ್ಟುಗಳು ಸಡಿಲವಾಗಿದ್ದವು. ವೈರಿನ ಕೀಬೋರ್ಡ್, ಮೌಸ್ ತೆಗೆದು ವೈರ್‌ಲೆಸ್ ಹಾಕುವ ಈ ಬದಲಾವಣೆಗೆ ಕಾರಣ ಅದೇ.

ಅಳೆಯಬೇಕಾದ್ದು ಒಂದೇ: ಒತ್ತಿದ ಕೀಲಿ ಕಳೆದುಹೋಗುತ್ತದೆಯೇ? ನುಡಿಯ ಕೆಜಿಪಿ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವುದು ಎಫ್ ಕೀಲಿ. ಆ ಒಂದು ಒತ್ತು ಗಾಳಿಯಲ್ಲಿ ಕಳೆದರೆ ‘ಅಕ್ಕ’ ಹೋಗಿ ‘ಅಕಕ’ ಆಗುತ್ತದೆ. ವೇಗಪರೀಕ್ಷೆಯಲ್ಲಿ ಆ ತಪ್ಪು ಬೀಳುವುದು ವಿದ್ಯಾರ್ಥಿಯ ಲೆಕ್ಕಕ್ಕೆ. ರೇಡಿಯೊ ಮಾಡಿದ ತಪ್ಪಿಗೆ ಮಗುವಿನ ಅಂಕ ಕಡಿತವಾಗಬಾರದು. ಈ ಕೆಲಸದಲ್ಲಿ ಉಳಿದೆಲ್ಲ ಅನುಕೂಲಗಳೂ ಇದರ ನಂತರ.

ಪರೀಕ್ಷೆ ಹೀಗೆ: ‘ಅಕ್ಕ ಅತ್ತೆ ಅಪ್ಪ’ ಎಂಬ ಸಾಲನ್ನು 50 ಸಲ ಟೈಪ್ ಮಾಡುವುದು, ಆಮೇಲೆ ‘ಅಕಕ’, ‘ಅಪಪ’ ಎಂದು ಹುಡುಕಿ ಎಣಿಸುವುದು. ಅದೇ ಸೀಟಿನಲ್ಲಿ ಅದೇ ಕೈಯಿಂದ ವೈರಿನ ಕೀಬೋರ್ಡಿನಲ್ಲೂ 50 ಸಾಲು. ವೈರಿನಲ್ಲೂ ಅಷ್ಟೇ ತಪ್ಪು ಬಂದರೆ ಅದು ಬೆರಳಿನದು, ವೈರ್‌ಲೆಸ್ಸಿನಲ್ಲಿ ಮಾತ್ರ ಹೆಚ್ಚಿದರೆ ರೇಡಿಯೊದ್ದು.

ಎರಡನೆಯ ದಿನ: ಯಾವ ದಾರಿ

ಇನ್‌ಫ್ರಾರೆಡ್‌ಗೆ ನೇರ ನೋಟ ಬೇಕು, ಕೈ ಅಡ್ಡ ಬಂದರೆ ಮುಗಿಯಿತು. ಹಳೆಯ 27 ಮೆಗಾಹರ್ಟ್ಸ್ ಸೆಟ್‌ಗಳನ್ನೂ ಬಿಟ್ಟಾಯಿತು. ವ್ಯಾಪ್ತಿ ಒಂದೆರಡು ಮೀಟರ್, ಚಾನೆಲ್‌ಗಳು ಬೆರಳೆಣಿಕೆಯಷ್ಟು. ಹತ್ತು ಸೆಟ್ ಒಂದೇ ಕೋಣೆಯಲ್ಲಿ ಇಡಲಾಗದು. ಅಂಥ ಕೆಲವು ಕೀಬೋರ್ಡುಗಳ ಗೂಢಲಿಪಿಯ ಗುಟ್ಟು ಬರೀ ಒಂದು ಬೈಟಿನದ್ದು, ಒಡೆಯುವುದು ಸುಲಭ ಎಂದು 2007ರಲ್ಲೇ ಬಯಲಾಗಿತ್ತು.

ಉಳಿದದ್ದು ಎರಡು: ತನ್ನದೇ ಡಾಂಗಲ್ (ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಜೊತೆ ಬರುವ 2.4 ಗಿಗಾಹರ್ಟ್ಸ್ ಸೆಟ್ ಮತ್ತು ಬ್ಲೂಟೂತ್. ಎರಡೂ ಓಡಾಡುವ ಬೀದಿ ಒಂದೇ. ಭಾರತದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಿಂದ ಪರವಾನಗಿ ಬೇಕಿಲ್ಲ, ವೈಫೈ ಇರುವುದೂ ಅಲ್ಲೇ. 2.4ರಲ್ಲಿ ತರಂಗದ ಉದ್ದ ಸುಮಾರು 12.5 ಸೆಂ.ಮೀ., ಹಾಗಾಗಿ ಆಂಟೆನಾ ಉಗುರಿನಷ್ಟು ಡಾಂಗಲ್‌ನಲ್ಲಿ ಅಡಗುತ್ತದೆ. 27ರಲ್ಲಿ ಆ ಉದ್ದ 11 ಮೀಟರ್.

ನಾಲ್ಕನೆಯ ದಿನ: ಡಾಂಗಲ್ ಹಾಕಿದ್ದು ಎಲ್ಲಿ?

ಹತ್ತೂ ಡಾಂಗಲ್ ಮೊದಲು ಸಿಪಿಯು ಹಿಂಬದಿಯ ಪೋರ್ಟ್‌ಗೆ ಹೋದವು. 4 ಮತ್ತು 7ನೇ ಸೀಟಿನಲ್ಲಿ ಎಫ್ ಒತ್ತು ಕಳೆಯಿತು. 7ರಲ್ಲಿ ಇನ್ನೊಂದು ಲಕ್ಷಣ: ಒಮ್ಮೆ ಒತ್ತಿದ ‘ಕ’ ‘ಕಕಕಕಕ’ ಎಂದು ಹರಿಯಿತು. ಕೀಲಿ ಒತ್ತಿದ ಸುದ್ದಿ ಒಂದು, ಬಿಟ್ಟ ಸುದ್ದಿ ಇನ್ನೊಂದು. ಬಿಟ್ಟ ಸುದ್ದಿ ತಲುಪದಿದ್ದರೆ ಬೆರಳು ಇನ್ನೂ ಕೀಲಿಯ ಮೇಲೇ ಇದೆ ಎಂದು ಕಂಪ್ಯೂಟರ್ ತಿಳಿಯುತ್ತದೆ.

ಹತ್ತು ಸೆಟ್ ಒಟ್ಟಿಗೆ ಇರುವುದರಿಂದ ದಟ್ಟಣೆ ಎನ್ನಬಹುದೇ? ಲೆಕ್ಕ ಒಪ್ಪುವುದಿಲ್ಲ. ವೇಗವಾಗಿ ಟೈಪ್ ಮಾಡುವವರು ಸೆಕೆಂಡಿಗೆ ಐದಾರು ಕೀಲಿ ಒತ್ತುತ್ತಾರೆ, ಬಿಟ್ಟದ್ದೂ ಸೇರಿ ಹತ್ತು ಹನ್ನೆರಡು ಸುದ್ದಿ. 20 ಬೈಟಿನ ಒಂದು ಪ್ಯಾಕೆಟ್‌ಗೆ 2 ಎಂಬಿಪಿಎಸ್‌ನಲ್ಲಿ ಹಿಡಿಯುವುದು 80 ಮೈಕ್ರೊಸೆಕೆಂಡ್. ಗಾಳಿ ಬಹುಪಾಲು ಖಾಲಿಯೇ. ಅಲ್ಲದೆ ಇಂಥ ಚಿಪ್‌ಗಳು ಉತ್ತರ ಬರದಿದ್ದರೆ ತಾವೇ ಮತ್ತೆ ಕಳಿಸುತ್ತವೆ; ನಾರ್ಡಿಕ್‌ನ ಎನ್‌ಆರ್‌ಎಫ್24ಎಲ್01ರಲ್ಲಿ ಹಾಗೆ 15 ಸಲದವರೆಗೆ ಹೊಂದಿಸಬಹುದು. ಅಷ್ಟಾದ ಮೇಲೂ ಕಳೆದರೆ ರಿಸೀವರ್ ಪಕ್ಕದಲ್ಲೇ ಏನೋ ಸದ್ದು ಮಾಡುತ್ತಿದೆ ಎಂದರ್ಥ.

ಸದ್ದಿನ ಮೂಲ ಯುಎಸ್‌ಬಿ 3.0. ಆ ನೀಲಿ ಪೋರ್ಟುಗಳ 5 ಜಿಬಿಪಿಎಸ್ ಸಂಕೇತದ ಸೋರಿಕೆ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಇಂಟೆಲ್ ಇದನ್ನು 2012ರಲ್ಲೇ ವಿವರವಾಗಿ ಪ್ರಕಟಿಸಿದೆ. ಎರಡೂ ಸೀಟಿನಲ್ಲಿ ಡಾಂಗಲ್‌ನ ಪಕ್ಕದ ಪೋರ್ಟಿಗೆ ಹೊರಗಿನ ಹಾರ್ಡ್ ಡಿಸ್ಕ್ ಇತ್ತು. ಅದನ್ನು ಕಿತ್ತಾಗ ತಪ್ಪು ನಿಂತಿತು, ಹಾಕಿ ಫೈಲ್ ಕಾಪಿ ಶುರು ಮಾಡಿದಾಗ ಮತ್ತೆ ಬಂತು. ಮೇಲಾಗಿ ಡಬ್ಬಿಯ ತಗಡೂ ಮೇಜಿನ ಕಬ್ಬಿಣವೂ ಕೀಬೋರ್ಡಿಗೂ ಡಾಂಗಲ್‌ಗೂ ನಡುವೆ ಗೋಡೆಯಂತೆ ನಿಂತಿದ್ದವು.

ಪರಿಹಾರ ಅಗ್ಗದ್ದು. ಪ್ರತಿ ಸೀಟಿಗೆ 1 ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್, ಕಪ್ಪು ಪೋರ್ಟಿನಿಂದ ಫರಸಿಯ ಮೇಲಕ್ಕೆ. ಡಾಂಗಲ್ ಮಾನಿಟರಿನ ಕಾಲಿನ ಬಳಿ, ಕೀಬೋರ್ಡಿನಿಂದ 30–40 ಸೆಂ.ಮೀ. ದೂರದಲ್ಲಿ. ಕೇಬಲನ್ನು ಮೇಜಿನ ಕಾಲಿಗೆ ಕಟ್ಟಿದ್ದರಿಂದ ಅದು ಕಾಲಿಗೂ ಸಿಗುವುದಿಲ್ಲ. ಈಗ ಎರಡೂ ಸೀಟಿನ 50 ಸಾಲು ವೈರಿನ ಸಾಲಿಗೆ ಸಮ.

ಆರನೆಯ ದಿನ: ಮೌಸ್ ಬಾಣ ಜಿಗಿತ

2ನೇ ಸೀಟಿನಲ್ಲಿ ಬಾಣ ಎಳೆದ ಕಡೆ ಹೋಗದೆ ಜಿಗಿಯುತ್ತಿತ್ತು. ಇಂಥಲ್ಲಿ ಮೊದಲು ಮೌಸ್ ಕೆಳಗೆ ಬಿಳಿ ಹಾಳೆ ಇಟ್ಟು ನೋಡಬೇಕು. ಸರಿಹೋದರೆ ದೋಷ ರೇಡಿಯೊದಲ್ಲಲ್ಲ, ಮೇಲ್ಮೈಯಲ್ಲಿ. ಇಲ್ಲಿ ಆದದ್ದು ಅದೇ: ಆ ಒಂದು ಫರಸಿಗೆ ಕನ್ನಡಿಯಂಥ ಪಾಲಿಶ್. ಮೌಸ್ ಪ್ಯಾಡ್ ಸಾಕಾಯಿತು.

ಎಂಟನೆಯ ದಿನ: ವೈಫೈ

ರೂಟರ್ 40 ಮೆಗಾಹರ್ಟ್ಸ್ ಅಗಲದಲ್ಲಿ ಓಡುತ್ತಿತ್ತು. 83.5ರ ಪಟ್ಟಿಯಲ್ಲಿ ಹತ್ತಿರಹತ್ತಿರ ಅರ್ಧ ಒಂದೇ ಡಬ್ಬಿ ನುಂಗಿದಂತೆ. ಅಗಲ 20ಕ್ಕೆ ಇಳಿಸಿ, ಚಾನೆಲ್ 1ಕ್ಕೆ ನಿಲ್ಲಿಸಿದ್ದಾಯಿತು. 5 ಗಿಗಾಹರ್ಟ್ಸ್ ಹಿಡಿಯುವ ಯಂತ್ರಗಳೆಲ್ಲ ಅತ್ತ ಹೋದವು.

ಹತ್ತನೆಯ ದಿನ: ಬ್ಲೂಟೂತ್, ಮೂರು ಸೀಟು

ತತ್ವದಲ್ಲಿ ಇದು ಜಾಣ. ಬ್ಲೂಟೂತ್ ಲೋ ಎನರ್ಜಿ ತನ್ನ 40 ಚಾನೆಲ್‌ಗಳಲ್ಲಿ 37ರ ನಡುವೆ ಜಿಗಿಯುತ್ತದೆ, ಗದ್ದಲದ ಚಾನೆಲ್ ಬಿಟ್ಟು ಹೋಗುತ್ತದೆ. ಜೋಡಣೆಯ ಕರೆ ಕೊಡುವ ಉಳಿದ ಮೂರು ಚಾನೆಲ್‌ಗಳನ್ನು 2402, 2426, 2480ರಲ್ಲಿ ಇಟ್ಟಿದ್ದಾರೆ. ವೈಫೈನ 1, 6, 11ರ ಸಂದುಗಳಲ್ಲಿ. ಇಂಥ ಸೆಟ್‌ಗಳಲ್ಲಿ ಸುದ್ದಿ ಮುಟ್ಟಿಸುವ ಅತಿ ಚಿಕ್ಕ ಅಂತರ 7.5 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 133 ಸಲ. ಆಟದ ಮೌಸ್‌ಗಳು ಡಾಂಗಲ್‌ನಲ್ಲಿ 1000 ಸಲ ಕೊಡುತ್ತವೆ, ಆದರೆ ಟೈಪಿಂಗ್‌ಗೆ ಅದು ಸೆಲ್ ತಿನ್ನುವ ಬಾಬತ್ತಷ್ಟೆ.

ತೊಂದರೆ ಬಂದದ್ದು ಬೇರೆ ಕಡೆ. 9ನೇ ಸೀಟಿನಲ್ಲಿ ಒಂದೂವರೆ ಮೀಟರಿಗೇ ಸಂಪರ್ಕ ಕಡಿಯಿತು. ನೋಡಿದರೆ ವೈಫೈ–ಬ್ಲೂಟೂತ್ ಕಾರ್ಡಿನ ಹಿಂದೆ ಆಂಟೆನಾ ತಿರುಗಿಸಿ ಕೂರಿಸಿರಲೇ ಇಲ್ಲ. ಕೂರಿಸಿದ ಮೇಲೆ ಸರಿ. ಎರಡನೆಯದು, ಕೆಲ ನಿಮಿಷ ಸುಮ್ಮನಿದ್ದ ಕೀಬೋರ್ಡ್ ಮಲಗುತ್ತದೆ, ಎದ್ದು ಮತ್ತೆ ಜೋಡಿಯಾಗುವಾಗ ಮೊದಲ ಒಂದೆರಡು ಕೀಲಿ ಕಳೆಯುತ್ತವೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಹಾಳೆಗೆ ಹೋಗಿ, ವಿದ್ಯುತ್ ಉಳಿಸಲು ಅಡಾಪ್ಟರ್ ಆರಿಸುವ ಗುರುತು ತೆಗೆದಾಗ ಕಡಿಮೆಯಾಯಿತು. ಕೀಬೋರ್ಡಿನ ನಿದ್ದೆ ಅದರದೇ, ಅದು ಉಳಿಯಿತು. ಮೂರನೆಯದು, ವಿಂಡೋಸ್ ಏಳುವ ಮುನ್ನಿನ ಬಯಾಸ್ ಪರದೆಯಲ್ಲಿ ಈ ಕೀಬೋರ್ಡ್ ಇದ್ದೂ ಇಲ್ಲದಂತೆ. ಡಾಂಗಲ್ ಆದರೆ ಸಾಧಾರಣ ಯುಎಸ್‌ಬಿ ಕೀಬೋರ್ಡಿನಂತೆಯೇ ಕಾಣುವುದರಿಂದ ಅಲ್ಲೂ ನಡೆಯುತ್ತದೆ.

ವೇಗಪರೀಕ್ಷೆಯ ಮೊದಲ ಅಕ್ಷರವೇ ನಿದ್ದೆಗಣ್ಣಿನಲ್ಲಿ ಹೋದರೆ ನ್ಯಾಯವಲ್ಲ. ಬ್ಲೂಟೂತ್ ಸೆಟ್‌ಗಳು ಪೋರ್ಟ್ ಕಡಿಮೆಯಿರುವ ಲ್ಯಾಪ್‌ಟಾಪ್‌ಗಳಿಗೆ ಹೋದವು.

ಹದಿಮೂರನೆಯ ದಿನ: ಸಂಜೆಯ ಸೀಟುಗಳು

ಅರ್ಜಿ ತುಂಬುವವರು ಅಲ್ಲಿ ಪಾಸ್‌ವರ್ಡ್ ಒತ್ತುತ್ತಾರೆ, ಹಣ ಕಟ್ಟುತ್ತಾರೆ. ಹಾಗಾಗಿ ಗೂಢಲಿಪಿ ಇಲ್ಲದ ಸೆಟ್ ಅಲ್ಲಿ ಬೇಡವೇ ಬೇಡ. 2016ರಲ್ಲಿ ಬಾಸ್ಟಿಲ್ ಎಂಬ ಭದ್ರತಾ ಸಂಸ್ಥೆ ಹೊರಗೆಡವಿದ ‘ಮೌಸ್‌ಜ್ಯಾಕ್’ ದೋಷದಲ್ಲಿ ಮೌಸ್‌ನ ಗೂಢಲಿಪಿಯಿಲ್ಲದ ಸುದ್ದಿಯ ದಾರಿಯಲ್ಲೇ ಹೊರಗಿನವರು ಕೀಲಿ ಒತ್ತುಗಳನ್ನು ತೂರಿಸಬಹುದಿತ್ತು. ಬ್ಲೂಟೂತ್ ಕೂಡ ಹೊರತಲ್ಲ, 2023ರ ಕೊನೆಯಲ್ಲಿ ಅಂಥದ್ದೇ ದೋಷ ಬಯಲಾಗಿ ಆಂಡ್ರಾಯ್ಡ್, ಲಿನಕ್ಸ್, ಆಪಲ್ ಯಂತ್ರಗಳಿಗೆ ತೇಪೆ ಬಂತು. ಖರೀದಿಯಲ್ಲಿ ಡಬ್ಬಿಯ ಮೇಲೆ ‘ಎಇಎಸ್ 128’ (ಗಟ್ಟಿ ಗೂಢಲಿಪಿಯ ಒಂದು ಬಗೆ) ಎಂದಿದೆಯೇ ನೋಡಬೇಕು. ಲಾಜಿಟೆಕ್‌ನ 2009ರ ಯೂನಿಫೈಯಿಂಗ್, 2021ರ ಬೋಲ್ಟ್ ಎರಡರಲ್ಲೂ ಒಂದು ರಿಸೀವರಿಗೆ ಆರು ಸಾಧನ ಕೂರುತ್ತವೆ, ಡಾಂಗಲ್ ಕಳೆದರೆ ಬೇರೆಯದನ್ನು ಜೋಡಿಸಬಹುದು. ಆದರೆ ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಕಾರ್ಖಾನೆಯಲ್ಲೇ ಜೋಡಿಸಿ ಬಂದ ಅಗ್ಗದ ಸೆಟ್‌ನಲ್ಲಿ ಡಾಂಗಲ್ ಹೋದರೆ ಇಡೀ ಸೆಟ್ ಹೋದಂತೆ. ಅದಕ್ಕೆ ಹತ್ತೂ ಡಾಂಗಲ್, ಕೀಬೋರ್ಡ್, ಮೌಸ್‌ಗಳ ಬೆನ್ನಿಗೆ ನೇಲ್ ಪಾಲಿಶ್‌ನಿಂದ ಸೀಟಿನ ಸಂಖ್ಯೆ ಬರೆದಾಗಿದೆ.

ಹದಿನೈದನೆಯ ದಿನ: ಈಗಿನ ಸ್ಥಿತಿ

9 ಸೀಟು ಡಾಂಗಲ್‌ಗೆ ಬಂದಿವೆ. 10ನೆಯದಕ್ಕೆ ವೈರಿನ ಕೀಬೋರ್ಡನ್ನು ಬೇಕೆಂದೇ ಮರಳಿ ಹಾಕಲಾಗಿದೆ. ಅನುಮಾನ ಬಂದ ದಿನ 50 ಸಾಲನ್ನು ಹೋಲಿಸಲು ಅದೇ ತಕ್ಕಡಿ. ಸೆಲ್ ಆಲ್ಕಲೈನ್ ಮಾತ್ರ. ಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟಿನದಾದ್ದರಿಂದ ಕೆಲವು ಕೀಬೋರ್ಡ್ ತುಂಬಿದ್ದಾಗಲೂ ಖಾಲಿ ಎಂದು ದೀಪ ಮಿನುಗಿಸುತ್ತವೆ. ಇಲ್ಲಿನ ಮೇ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿ ಹಳೆಯ ಸೆಲ್ ಸೋರುತ್ತದೆ. ರಜೆಗೆ ಬೀಗ ಹಾಕುವ ಮುನ್ನ ಎಲ್ಲ ಸೆಲ್ ತೆಗೆದು, ಬಿಳಿ ಹುಡಿ ಕಂಡ ಕಡೆ ಹತ್ತಿಗೆ ಎರಡು ಹನಿ ವಿನೆಗರ್ ಹಾಕಿ ಒರೆಸಿ ಒಣಗಿಸುವುದು. ಬಾಕಿ ಇರುವ ಕೆಲಸ: 3ನೇ ಸೀಟಿನ ಎಕ್ಸ್‌ಟೆನ್ಷನ್ ಕೇಬಲ್ ಸಡಿಲ, ಬದಲಿಸಬೇಕು.