ಮಳೆಗೆ ಸೋಲದ ಫರೋಲ್: ಕೋಸ್ಟರಿಕಾದಿಂದ ಒಂದು ಗೂಡುದೀಪದ ವರದಿ

ಕೆಂಪು ಬಣ್ಣ ಕೊನೆಗೂ ಬಿಳಿಯ ಮೇಲೆ ಇಳಿಯಲಿಲ್ಲ. ಸೆಪ್ಟೆಂಬರ್ 14ರ ಸಂಜೆ ಕೋಸ್ಟರಿಕಾದ ಒರೊಸಿ ಕಣಿವೆಯಲ್ಲಿ ಮಳೆ ಬಿಡದೆ ಸುರಿಯುತ್ತಿದ್ದರೂ, ನಮ್ಮ ಶಾಲೆಯ ಮಕ್ಕಳು ಹಿಡಿದಿದ್ದ ಫರೋಲ್‌ಗಳು, ಅಂದರೆ ಇಲ್ಲಿನ ಸ್ವಾತಂತ್ರ್ಯೋತ್ಸವದ ಕಾಗದದ ಗೂಡುದೀಪಗಳು, ಮೆರವಣಿಗೆ ಮುಗಿಯುವವರೆಗೆ ಆಕಾರ ಕೆಡದೆ ಬೆಳಗಿದವು. ಮಳೆಗೆ ಕಾಗದ ನೆನೆದು ಬಣ್ಣ ಕರಗುವ, ಆಗಸ್ಟ್‌ನಿಂದ ಕಾಡುತ್ತಿದ್ದ ಸಮಸ್ಯೆ ಬಗೆಹರಿದಿರುವುದರಿಂದ ಈ ವರದಿಯನ್ನು ಹೆಚ್ಚೂಕಡಿಮೆ ಅದಕ್ಕೇ ಮೀಸಲಿಡುತ್ತೇನೆ. ಬಿದಿರು ಸೀಳುವುದು, ಕಡ್ಡಿ ಅಳೆಯುವುದು, ಮೂಲೆಗಳಿಗೆ ದಾರ ಬಿಗಿಯುವುದು ಗೂಡುದೀಪ ಕಟ್ಟುವ ನಿಮಗೆಲ್ಲ ಕೈಬಂದಿರುವ ಕೆಲಸ, ಅದನ್ನು ಇಲ್ಲಿ ವಿವರಿಸುವುದಿಲ್ಲ.

ಹಿನ್ನೆಲೆ ಇಷ್ಟು. ಸ್ಪೇನಿನ ಆಳ್ವಿಕೆಯಿಂದ ಮಧ್ಯ ಅಮೆರಿಕದ ಸ್ವಾತಂತ್ರ್ಯವನ್ನು ಗ್ವಾಟೆಮಾಲಾ ನಗರದಲ್ಲಿ ಘೋಷಿಸಿದ್ದು 1821ರ ಸೆಪ್ಟೆಂಬರ್ 15ರಂದು. ಆ ಸುದ್ದಿ ಕೋಸ್ಟರಿಕಾದ ಅಂದಿನ ರಾಜಧಾನಿ ಕಾರ್ತಾಗೊ ತಲುಪಿದ್ದು ಅಕ್ಟೋಬರ್‌ನಲ್ಲಿ. ಅದರ ನೆನಪಿಗಾಗಿ ಈಗಲೂ ಗ್ವಾಟೆಮಾಲಾದಿಂದ ಹೊರಡುವ ಪಂಜು ವಿದ್ಯಾರ್ಥಿಗಳ ಕೈಯಿಂದ ಕೈಗೆ ದಾಟುತ್ತ 14ರ ಸಂಜೆ ಕಾರ್ತಾಗೊ ಸೇರುತ್ತದೆ. ಆರು ಗಂಟೆಗೆ ಇಡೀ ದೇಶ ಒಟ್ಟಿಗೆ ರಾಷ್ಟ್ರಗೀತೆ ಹಾಡುತ್ತದೆ, ಬಳಿಕ ಮಕ್ಕಳು ತಾವೇ ಮಾಡಿದ ಫರೋಲ್ ಹಿಡಿದು ಬೀದಿಗಿಳಿಯುತ್ತಾರೆ. ಸ್ವಾತಂತ್ರ್ಯದ ಹಿಂದಿನ ರಾತ್ರಿ ಮರಿಯಾ ದೊಲೊರೆಸ್ ಬೆದೊಯಾ ಎಂಬಾಕೆ ದೀಪ ಹಿಡಿದು ಜನರನ್ನು ಕರೆದು ತಂದಳೆಂಬ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಶಾಲೆಗಳಲ್ಲಿ ಈ ಮೆರವಣಿಗೆಯನ್ನು 1953ರಲ್ಲಿ ಆರಂಭಿಸಿದವರು ವಿಕ್ತೊರ್ ಮಾನುಯೆಲ್ ಉರೇನ್ಯಾ ಅರ್ಗೆದಾಸ್ ಎಂಬ ಅಧ್ಯಾಪಕರು. ಶಿಕ್ಷಕರೊಬ್ಬರ ಯೋಚನೆ ಒಂದು ದೇಶದ ಹಬ್ಬವಾಗಿ ಬೆಳೆದದ್ದು, ಇಲ್ಲಿ ಸ್ವಯಂಸೇವೆಯಿಂದ ಇಂಗ್ಲಿಷ್ ಕಲಿಸುತ್ತಿರುವ ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಈಗ ಸಮಸ್ಯೆಗೆ ಬರೋಣ. ನಮ್ಮ ಕರಾವಳಿಯಲ್ಲಿ ಗೂಡುದೀಪ ಏರಿಸುವ ಹೊತ್ತಿಗೆ ಮುಂಗಾರು ಹಿಂದೆ ಸರಿದಿರುತ್ತದೆ, ಒಂದೆರಡು ಹನಿ ಬಿದ್ದರೂ ಜಗಲಿಯ ಮಾಡು ಕಾಯುತ್ತದೆ. ಇಲ್ಲಿ ಮೇಯಿಂದ ನವೆಂಬರ್‌ವರೆಗೆ ಮಳೆಗಾಲ, ಅದರಲ್ಲೂ ಸೆಪ್ಟೆಂಬರ್‌ನ ಮಧ್ಯಾಹ್ನಗಳು ಮಳೆಗೇ ಸೇರಿದವು. ಮಕ್ಕಳು ನೀಲಿ, ಬಿಳಿ, ಕೆಂಪು ಗಾಳಿಪಟದ ಕಾಗದದಲ್ಲಿ ಧ್ವಜದ ಪಟ್ಟಿಗಳನ್ನು ಅಂಟಿಸಿದ ಮೊದಲ ಮಾದರಿಗಳು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತದ್ದೇ, ಕೆಂಪು ಕರಗಿ ಬಿಳಿಯೆಲ್ಲ ಗುಲಾಬಿಯಾಯಿತು, ಕಾಗದ ನೆನೆದ ಹಪ್ಪಳದಂತೆ ಜೋತುಬಿತ್ತು.

ಸೆಲೊಫೇನ್ ಹಾಕಿದರೆ ಮುಗಿಯಿತಲ್ಲ ಎಂದು ನೀವು ಹೇಳಬಹುದು. ಆದರೆ ಪೇಟೆಯ ಅಂಗಡಿಯವರು ಒಂದೇ ಹೆಸರಿನಲ್ಲಿ ಎರಡು ಸರಕು ಮಾರುತ್ತಾರೆ. ನಿಜವಾದ ಸೆಲೊಫೇನ್ ಮರದ ತಿರುಳಿನಿಂದ ಆದದ್ದು; ಬಿಳಿ ಅಂಟನ್ನು ಹಿಡಿಯುತ್ತದೆ, ಆದರೆ ತೇವ ಹೀರಿ ಹಿಗ್ಗಿ ಸುಕ್ಕಾಗುತ್ತದೆ. ಇನ್ನೊಂದು ಪ್ಲಾಸ್ಟಿಕ್, ನೀರಿಗೆ ಜಗ್ಗುವುದಿಲ್ಲ, ಆದರೆ ಅಂಟು ಒಣಗಿದ ಮೇಲೆ ಇಡೀ ಹಾಳೆ ಸಿಪ್ಪೆಯಾಗಿ ಎದ್ದು ಬರುತ್ತದೆ. ಒಂದು ಚೂರನ್ನು ಸುಟ್ಟರೆ ಮೊದಲನೆಯದು ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಎರಡನೆಯದು ಕರಗಿ ಮುದುಡುತ್ತದೆ. ಒಂದೇ ಕಟ್ಟಿನಲ್ಲಿ ನೀಲಿ ಒಂದು ಬಗೆಯದು, ಕೆಂಪು ಇನ್ನೊಂದು ಬಗೆಯದು ಬಂದಾಗ ನನಗೆ ನಿಜಕ್ಕೂ ಕೋಪ ಬಂತು. ಸೆಪ್ಟೆಂಬರ್ ಮೊದಲ ವಾರ ಕೆಂಪು ಮುಗಿದೇಹೋಯಿತೆಂದು, ಕೇಳದೆಯೇ ಕಿತ್ತಳೆ ಕಳಿಸಿದ್ದು ಬೇರೆ.

ಹಾಗಾಗಿ ಕಾಗದಕ್ಕೇ ಮರಳಿ ಮೇಣ ಹಿಡಿದೆವು. ಮೇಣದಬತ್ತಿಯ ತುರಿಯನ್ನು ಹಾಳೆಯ ಮೇಲೆ ಉದುರಿಸಿ, ಹಳೆಯ ಪತ್ರಿಕೆ ಹೊದಿಸಿ ಇಸ್ತ್ರಿ ಮಾಡಿದರೆ ಕಾಗದ ನೀರನ್ನು ಒಳಗೆ ಬಿಡುವುದಿಲ್ಲ, ಬಣ್ಣವೂ ಹರಿಯುವುದಿಲ್ಲ, ಬೆಳಕು ಮಾತ್ರ ಇನ್ನೂ ಚೆನ್ನಾಗಿ ಸೋಸುತ್ತದೆ. ತೊಡಕೆಂದರೆ, ಮೇಣ ಕುಡಿದ ಕಾಗದವನ್ನು ಯಾವ ಅಂಟೂ ಹಿಡಿಯುವುದಿಲ್ಲ. ಅಂಚನ್ನು ಬೆರಳಗಲ ಒಣದಾಗಿ ಬಿಟ್ಟರೆ ಇಸ್ತ್ರಿಯ ಬಿಸಿಗೆ ಮೇಣ ಅಲ್ಲಿಗೂ ಹರಿಯಿತು. ಮೊದಲು ಅಂಟಿಸಿ ಆಮೇಲೆ ಬತ್ತಿ ಉಜ್ಜಿದರೆ ಬಿಗಿದ ಕಾಗದ ಹರಿಯಿತು. ತುರಿ ಉದುರಿಸಿ ಹೇರ್ ಡ್ರೈಯರ್ ಹಿಡಿದರೆ, ಮೇಣ ಕರಗುವ ಮೊದಲೇ ತುರಿ ತರಗತಿಯ ತುಂಬ ಹಾರಿ, ಮಕ್ಕಳು ಹಿಮ ಬಿತ್ತೆಂದು ಕುಣಿದರು.

ಉತ್ತರ ಸಿಕ್ಕಿದ್ದು ಅಡುಗೆಮನೆಯ ಕತ್ತರಿಸುವ ಹಲಗೆಯಲ್ಲಿ. ಫರೋಲ್ ಮನೆಯ ಆಕಾರದ್ದು, ಗೋಡೆಗಳು ಚಪ್ಪಟೆ; ತಳವನ್ನು ಮುಚ್ಚದೆ ಬಿಟ್ಟರೆ ಗೋಡೆಯ ಅಗಲದ ಹಲಗೆಯನ್ನು ಒಳಗೆ ತೂರಿಸಿ ಆನಿಕೆ ಕೊಡಬಹುದು. ಕಾಗದವನ್ನು ಬಿಳಿ ಅಂಟಿನಿಂದ ಕಡ್ಡಿಗಳಿಗೆ ಅಂಟಿಸಿ, ರಾತ್ರಿಯಿಡೀ ಒಣಗಿಸಿ, ಹಲಗೆ ಒಳಗಿಟ್ಟು ಹೊರಗಿನಿಂದ ತುರಿ, ಪತ್ರಿಕೆ, ಇಸ್ತ್ರಿ. ಬಿಸಿಗೆ ಮೆತ್ತಗಾದ ಅಂಟು ತಣಿದಾಗ ಮತ್ತೆ ಗಟ್ಟಿಯಾಗುತ್ತದೆ, ಅದರ ಮೇಲೆ ಮೇಣದ ಪದರ ಕೂತು ಸಂದನ್ನೂ ಮುಚ್ಚುತ್ತದೆ. ಮಾಡನ್ನು ಗೋಡೆಯಿಂದ ಎರಡು ಬೆರಳು ಹೊರಚಾಚಿದ್ದರಿಂದ ನೀರು ಹೊರಗೇ ತೊಟ್ಟಿಕ್ಕಿತು.

ಮೇಣದ ಗೋಡೆಯೊಳಗೆ ಬೆಂಕಿ ಇಡುವಂತಿಲ್ಲ. ಬತ್ತಿ ಉರಿದಾಗ ಹುಟ್ಟುವ ನೀರಾವಿಯೂ ಒಳಗಿನಿಂದ ಕಾಗದಕ್ಕೆ ಕೇಡು. ಆದ್ದರಿಂದ ಎಲ್‌ಇಡಿ ಹಾಕಿ, ಅದರ ಚುಚ್ಚುವ ಬೆಳಕು ಹರಡಲೆಂದು ಮರಳುಕಾಗದದಿಂದ ಉಜ್ಜಿದ ಸಣ್ಣ ಬಾಟಲಿಯನ್ನು ಕವಿಚಿದೆವು.

ಮೆರವಣಿಗೆಯಲ್ಲಿ ನನ್ನ ಪಕ್ಕ ನಡೆಯುತ್ತಿದ್ದ ಹುಡುಗನಿಗೆ ನಮ್ಮ ದೀಪಾವಳಿಯ ಗೂಡುದೀಪದ ಬಗ್ಗೆ ಹೇಳಿದೆ. ಅವನು ತುಂಬ ಯೋಚಿಸಿ, "ಟೀಚರ್, ನಿಮ್ಮ ಊರಿನವರು ಮಳೆ ನಿಲ್ಲುವ ತಿಂಗಳು ನೋಡಿ ಹಬ್ಬ ಇಟ್ಟುಕೊಂಡಿದ್ದಾರೆ, ಜಾಣರು" ಎಂದ.

ಮುಂದಿನದು ಎತ್ತಿನ ಗಾಡಿ. ಮಾರ್ಚ್‌ನ ಎರಡನೆಯ ಭಾನುವಾರ ಎಸ್ಕಸುವಿನ ಸಾನ್ ಅಂತೋನಿಯೊದಲ್ಲಿ ಗಾಡಿ ಹೊಡೆಯುವವರ ರಾಷ್ಟ್ರೀಯ ದಿನ ನಡೆಯುತ್ತದೆ. ಎತ್ತು ಮತ್ತು ಗಾಡಿಗಳ ಈ ಪರಂಪರೆಯನ್ನು ಯುನೆಸ್ಕೊ 2005ರಲ್ಲಿ ಗೌರವಿಸಿತು. ಅರೆಕಾಲುಗಳಿಲ್ಲದ ಆ ಗಾಲಿಯನ್ನು ಹದಿನಾರು ಮರದ ತುಂಡುಗಳನ್ನು ಜೋಡಿಸಿ ಮಾಡುತ್ತಾರೆ. ಅದನ್ನೇ ಹದಿನಾರು ಕಾಗದದ ತುಂಡುಗಳಲ್ಲಿ, ಒಳಗೆ ದೀಪವಿಟ್ಟು, ತಿರುಗುವಂತೆ ಮಾಡಬೇಕೆಂದಿದ್ದೇನೆ. ಮಾರ್ಚ್ ಇಲ್ಲಿ ಒಣ ತಿಂಗಳಾದ್ದರಿಂದ ಮೇಣ ಬೇಡ, ಮೈದಾ ಅಂಟೇ ಸಾಕು. ಆದರೆ ಅಚ್ಚು ಬಿದಿರಿನದಾದರೆ ಗಾಲಿ ಓಲಾಡುತ್ತದೆ. ತಿರುಗುವ ಗೂಡುದೀಪ ಕಟ್ಟಿದವರು ಯಾರಾದರೂ ಇದ್ದರೆ, ಅಚ್ಚಿಗೆ ಸೈಕಲ್ ಕಡ್ಡಿ ಹಾಕಿದಿರೋ ಬೇರೇನಾದರೂ ಬಳಸಿದಿರೋ ತಿಳಿಸಿ.