ಗಂಟುಮೂಟೆ ಕಟ್ಟಿದ ಮೇಲೆ ಕೇಳಿದ ಪ್ರಶ್ನೆ

ಬೈಬಲಿನ ಯೆರೆಮೀಯನ ಪುಸ್ತಕದ 42ನೇ ಅಧ್ಯಾಯ ಓದುವ ಮುಂಚೆ 41ರ ಕೊನೆಯ ಎರಡು ವಚನ ನೋಡಬೇಕು. ನಾನು ಎಷ್ಟೋ ವರ್ಷ ಅದನ್ನು ಸುಮ್ನೆ ದಾಟಿಕೊಂಡು ಹೋಗಿದ್ದೆ. ಯೆಹೂದದಲ್ಲಿ ಉಳಿದಿದ್ದ ಜನರು ಬೇತ್ಲೆಹೇಮಿನ ಹತ್ತಿರ ತಂಗಿದ್ದಾರೆ. ಯಾಕೆ? ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋಗಲು. ಅಂದರೆ ಗಂಟುಮೂಟೆ ಕಟ್ಟಿ ಆಗಿದೆ, ದಾರಿಯೂ ಹಿಡಿದಾಗಿದೆ. ಆಮೇಲೆ ಪ್ರವಾದಿ ಯೆರೆಮೀಯನ ಹತ್ತಿರ ಬಂದು, ಯಾವ ದಾರಿ ಹಿಡಿಯಬೇಕು ಅಂತ ದೇವರನ್ನು ಕೇಳು ಅನ್ನುತ್ತಾರೆ!

ಅವರ ಭಯ ಸುಳ್ಳಲ್ಲ. ಬಾಬೆಲಿನವರು (ಬ್ಯಾಬಿಲೋನಿನವರು) ಯೆರೂಸಲೇಮನ್ನು ಸುಟ್ಟಿದ್ದರು. ಬಾಬೆಲಿನ ಅರಸ ನೇಮಿಸಿದ್ದ ಅಧಿಪತಿ ಗೆದಲ್ಯನನ್ನು ಯೆಹೂದದ ರಾಜವಂಶದ ಇಷ್ಮಾಯೇಲ ಮಿಚ್ಪದಲ್ಲಿ ಕೊಂದಿದ್ದ, ಅದೂ ಜೊತೆಯಲ್ಲಿ ಕೂತು ಊಟ ಮಾಡುತ್ತಾ. ಅಲ್ಲಿದ್ದ ಬಾಬೆಲಿನ ಸೈನಿಕರನ್ನೂ ಬಿಡಲಿಲ್ಲ. ಕೊಂದವನು ಅಮ್ಮೋನಿಯರ ಕಡೆ ಓಡಿಹೋದ. ಇನ್ನು ಸಿಟ್ಟು ಯಾರ ಮೇಲೆ ಬೀಳುತ್ತದೆ? ಉಳಿದವರ ಮೇಲೆ ತಾನೇ? ಅವರ ಜಾಗದಲ್ಲಿ ನಾನಿದ್ದರೂ ಓಡುವ ಯೋಚನೆಯನ್ನೇ ಮಾಡುತ್ತಿದ್ದೆ.

ತಪ್ಪಿರುವುದು ಅವರ ಮಾತಿನಲ್ಲಿ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ದೇವರು ಹೇಳಿದಂತೆ ನಡೆಯುತ್ತೇವೆ, ತಪ್ಪಿದರೆ ಯೆಹೋವನೇ ಸಾಕ್ಷಿ ಅಂದರು. ಯಾರೂ ಕೇಳದೆಯೇ ಆಣೆ ಇಟ್ಟರು. ನನಗೆ ಈ ಜಾಸ್ತಿ ಉತ್ಸಾಹದ ಪರಿಚಯ ಇದೆ. ಒಮ್ಮೆ ಹೊಸ ಕೆಲಸದ ಪತ್ರಕ್ಕೆ ಸಹಿ ಹಾಕಿ, ಲಕೋಟೆ ಅಂಟಿಸಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ "ನಿನ್ನ ಚಿತ್ತ ತಿಳಿಸು ಕರ್ತನೇ" ಅಂತ ಮೊಣಕಾಲೂರಿದ್ದೆ. ಅದು ಪ್ರಾರ್ಥನೆಯಲ್ಲ, ಮುದ್ರೆ ಒತ್ತಿಸಿಕೊಳ್ಳುವ ಕೆಲಸ.

ಉತ್ತರ ಬರಲು 10 ದಿನ ಆಯಿತು. ಹೆದರಿದವರಿಗೆ 10 ದಿನ ಅಂದರೆ ಎಷ್ಟು ದೊಡ್ಡದು ಅಲ್ವಾ? ಉತ್ತರ ಕಠಿಣವಾಗೇನೂ ಇರಲಿಲ್ಲ: ಇಲ್ಲೇ ಇರಿ, ನಿಮ್ಮನ್ನು ಕಟ್ಟುತ್ತೇನೆ, ನೆಡುತ್ತೇನೆ, ಬಾಬೆಲಿನ ಅರಸನಿಗೆ ಹೆದರಬೇಡಿ. ಎಚ್ಚರಿಕೆ ಬರುವುದು ಇದಾದ ಮೇಲೆ. ಐಗುಪ್ತಕ್ಕೆ ಹೋದರೆ ನೀವು ಹೆದರುವ ಕತ್ತಿ ಅಲ್ಲಿಗೇ ಬರುತ್ತದೆ, ಹಸಿವೂ ಬೆನ್ನು ಬಿಡುವುದಿಲ್ಲ.

ಐಗುಪ್ತದಲ್ಲಿ ಅವರಿಗೆ ಕಂಡದ್ದೇನು ಅಂತಲೂ ಅಲ್ಲೇ ಬರೆದಿದೆ. ಯುದ್ಧ ನೋಡಬೇಕಿಲ್ಲ, ತುತ್ತೂರಿ ಕೇಳಬೇಕಿಲ್ಲ, ರೊಟ್ಟಿಗೆ ಪರದಾಡಬೇಕಿಲ್ಲ. ಮೂರೂ ಯೆರೂಸಲೇಮಿನ ಮುತ್ತಿಗೆಯ ಗಾಯಗಳೇ. ಪಾಪ, ಐಗುಪ್ತ ಹೇಗಿದೆ ಅಂತ ಅವರು ನೋಡಲೇ ಇಲ್ಲ. ತಮ್ಮ ನೋವು ಇಲ್ಲದ ಒಂದು ಜಾಗವನ್ನು ಮನಸ್ಸಿನಲ್ಲೇ ಕಟ್ಟಿಕೊಂಡು, ಅದಕ್ಕೆ ಫರೋಹನ ದೇಶದ ಹೆಸರಿಟ್ಟರು.

ಆಣೆ ಇಟ್ಟ ಬಾಯಿಯೇ "ನೀನು ಸುಳ್ಳು ಹೇಳುತ್ತೀಯ" ಅಂದಿತು. ನಿನ್ನ ಮಾತು ಬರೆದುಕೊಳ್ಳುವ ಬಾರೂಕ ನಿನ್ನ ಕಿವಿ ಊದಿದ್ದಾನೆ ಅಂತಲೂ ಸೇರಿಸಿದರು. ದೇವರನ್ನು ನೇರವಾಗಿ ಬೈಯಲು ಧೈರ್ಯ ಬರದಿದ್ದಾಗ ಬರೆಯುವವನು ಸಿಕ್ಕಿಬೀಳುತ್ತಾನೆ.

ಎಲ್ಲರೂ ಹೊರಟರು. ಬೇಡ ಅಂದ ಯೆರೆಮೀಯನನ್ನೂ ಕರೆದುಕೊಂಡೇ ಹೋದರು. ಸುಮಾರು 40 ವರ್ಷ ಇದೇ ಜನಕ್ಕೆ ಹೇಳಿ ಹೇಳಿ ಸೋತ ಮುದುಕ. ಅವರು ತಲುಪಿದ್ದು ಐಗುಪ್ತದ ತಹಪನೇಸ್ ಊರು. ಅದೇ ಜಾಗ ಎಂದು ಗುರುತಿಸಲಾದ ತೆಲ್ ದೆಫೆನ್ನೆಯಲ್ಲಿ 1886ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಗೆದಾಗ, ಕೋಟೆಯ ಮುಂದೆ ಇಟ್ಟಿಗೆ ಹಾಸಿದ ಅಂಗಳ ಸಿಕ್ಕಿತು. ಯೆರೆಮೀಯನಿಗೆ ಅಲ್ಲಿ ಸಿಕ್ಕ ಮೊದಲ ಕೆಲಸ: ದೊಡ್ಡ ಕಲ್ಲುಗಳನ್ನು ತೆಗೆದುಕೊಂಡು ಫರೋಹನ ಮನೆಯ ಬಾಗಿಲ ಬಳಿ ಹೂಳುವುದು. ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸಿಂಹಾಸನ ಬರುವುದು ಆ ಕಲ್ಲುಗಳ ಮೇಲೆಯೇ. ಯೆಹೂದದ ಗಂಡಸರು ಸುತ್ತ ನಿಂತು ನೋಡುತ್ತಿದ್ದಾರೆ. ಮುದುಕ ಕಲ್ಲಿನ ಮೇಲೆ ಮಣ್ಣು ಎಳೆಯುತ್ತಿದ್ದಾನೆ.