ಲೋಕಲ್‌ಹೋಸ್ಟ್ ಅಂತ ಬರೆದು ಕೆಟ್ಟೆ

ಬ್ಯಾಕುಲಾ ಅನ್ನೋ ಬ್ಯಾಕಪ್ ಸಾಫ್ಟ್‌ವೇರಲ್ಲಿ ಮೂರು ಜನ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮ್‌ಗಳು, ಅಂದ್ರೆ ಡೀಮನ್‌ಗಳು) ಇರ್ತಾರೆ ಅಂದ್ಕೊಳ್ಳಿ. ಯಾವ ಮಷೀನ್ ಬ್ಯಾಕಪ್ ಯಾವಾಗ ಆಗ್ಬೇಕು ಅಂತ ಹೇಳೋ ಡೈರೆಕ್ಟರ್, ಆ ಮಷೀನಲ್ಲಿ ಕೂತಿರೋ ಫೈಲ್ ಡೀಮನ್ ಅಂದ್ರೆ ಕ್ಲೈಂಟ್, ಆಮೇಲೆ ಡೇಟಾನ ಡಿಸ್ಕಿಗೋ ಟೇಪಿಗೋ ಬರೆಯೋ ಸ್ಟೋರೇಜ್ ಡೀಮನ್. ಪೋರ್ಟ್‌ಗಳು ಇದೇ ಕ್ರಮದಲ್ಲಿ 9101, 9102, 9103.

ಮೊನ್ನೆ ಹೊಸ ಕ್ಲೈಂಟ್ ಸೇರಿಸಿದೆ, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇದೆ, ಸ್ಟೇಟಸ್ ಕೇಳಿದ್ರೆ ನೆಟ್ಟಗೆ ಉತ್ತರ ಕೊಡುತ್ತೆ, ಜಾಬ್ ಓಡಿಸಿದ್ರೆ ಮಾತ್ರ ಸ್ಟೋರೇಜ್ ಸಿಗ್ತಿಲ್ಲ ಅಂತ ಗೋಳು. ಡೈರೆಕ್ಟರ್, ಸ್ಟೋರೇಜ್ ಎರಡೂ ಇರೋ ಸರ್ವರಿನದ್ದೇ ಬ್ಯಾಕಪ್ ಆರಾಮಾಗಿ ಆಗ್ತಿತ್ತು, ಅದಕ್ಕೇ ತಲೆ ಕೆಟ್ಟಿದ್ದು. ಫೈರ್‌ವಾಲ್ ಮೇಲೆ ಅನುಮಾನ ಪಟ್ಟು ಅರ್ಧ ರಾತ್ರಿ ಹಾಳು ಮಾಡ್ಕೊಂಡೆ. ಕೊನೆಗೆ ನೋಡಿದ್ರೆ ಡೈರೆಕ್ಟರ್ ಕಾನ್ಫಿಗ್‌ನ ಸ್ಟೋರೇಜ್ ಭಾಗದಲ್ಲಿ ಅಡ್ರೆಸ್ ಜಾಗಕ್ಕೆ ಲೋಕಲ್‌ಹೋಸ್ಟ್ ಅಂತ, ಅಂದ್ರೆ ‘ಇದೇ ಮಷೀನ್’ ಅಂತ ಹಾಕಿದ್ದೀನಿ! ಡೈರೆಕ್ಟರ್ ಆ ಅಡ್ರೆಸ್ಸನ್ನ ಹಾಗೇ ಕ್ಲೈಂಟಿಗೆ ಕೊಡುತ್ತೆ, ಡೇಟಾ ಡೈರೆಕ್ಟರ್ ಮೂಲಕ ಹೋಗಲ್ಲ, ಕ್ಲೈಂಟೇ ನೇರವಾಗಿ ಸ್ಟೋರೇಜ್‌ಗೆ ಕಳಿಸ್ಬೇಕು, ಪಾಪ ಅದು ಲೋಕಲ್‌ಹೋಸ್ಟ್ ಅಂದ್ರೆ ತಾನೇ ಅಂದ್ಕೊಂಡು ತನ್ನ ಮನೆ ಬಾಗಿಲನ್ನೇ ತಾನು ತಟ್ತಾ ಕೂತಿತ್ತು.

ಸರ್ವರಿನ ಪೂರ್ತಿ ಹೆಸರು ಹಾಕಿ ರೀಲೋಡ್ ಕೊಟ್ಟೆ, ಆಯ್ತು. ಅಂದ ಹಾಗೆ ಆ ಹೆಸರು ಕ್ಲೈಂಟ್ ಮಷೀನಲ್ಲಿ ರಿಸಾಲ್ವ್ ಆಗುತ್ತಾ, ಅಂದ್ರೆ ಅದರಿಂದ ಐಪಿ ಅಡ್ರೆಸ್ ಸಿಗುತ್ತಾ ಅಂತ ಒಂದ್ಸಲ ಪಿಂಗ್ ಮಾಡಿ ನೋಡ್ಕೊಳ್ಳಿ, ಡೈರೆಕ್ಟರಲ್ಲಿ ಆದ್ರೆ ಸಾಲದು.